ಮೂಲೆಗೆ ಓಡುವ ಬಾಣ

ಲಾರಿಯವರು ಅವಳನ್ನು ತೂಕದಕ್ಕ ಎಂದು ಕರೆಯುತ್ತಿದ್ದರು. ಗಂಡ ಇದ್ದಾಗ ಅವನು ತೂಕದಣ್ಣ. ಅವನು ಹೋದ, ಕುರ್ಚಿ ಉಳಿಯಿತು. ಕುರ್ಚಿಯ ಜೊತೆ ಹೆಸರೂ ಅವಳ ಪಾಲಿಗೆ ಬಂತು.

ದೊಡ್ಡ ರಸ್ತೆಯ ಪಕ್ಕದಲ್ಲಿ ಆ ವೇಬ್ರಿಜ್. ನೆಲದ ಮಟ್ಟಕ್ಕೆ ಉದ್ದನೆಯ ಕಬ್ಬಿಣದ ಹಾಸು, ಅದರ ಮಗ್ಗುಲಿಗೆ ಒಂದು ಸಣ್ಣ ಕೋಣೆ. ಕೋಣೆಯಲ್ಲಿ ಕಿಟಕಿ, ಗಾಜು ಹಾಸಿದ ಮೇಜು, ಕಂಪ್ಯೂಟರು, ಚೀಟಿ ಉಗುಳುವ ಪ್ರಿಂಟರು. ಲಾರಿ ಹಾಸಿನ ಮೇಲೆ ಹತ್ತಿ ನಿಂತರೆ ತೂಕ ಪರದೆಯ ಮೇಲೆ ಬರುತ್ತದೆ. ಅಂಕಿಗಳು ಕುಣಿದು ಕುಣಿದು ನಿಂತ ಮೇಲೆ ಮೌಸ್ ಒತ್ತಿ ಹಿಡಿದಿಡಬೇಕು. ಹಿಡಿದ ತೂಕವೇ ತೂಕ. ಲಾರಿ ಇಳಿದ ಮೇಲೆ ಬ್ರಹ್ಮ ಬಂದರೂ ಅದು ಸಿಗದು.

ಅವಳು ಓದಿದ್ದು ಅಷ್ಟಕ್ಕಷ್ಟೇ. ಅಂಕಿ ಬರುತ್ತದೆ, ಅಕ್ಷರ ಕೂಡಿಸಿ ಓದಲು ಬರುತ್ತದೆ. ಮದುವೆಗೆ ಮುಂಚೆ ಒಂದು ಗೋದಾಮಿನಲ್ಲಿ ಹರಿದ ಗೋಣಿಚೀಲ ಹೊಲಿಯುತ್ತಿದ್ದಳು. ದಬ್ಬಳ ಹಿಡಿದು ಹಿಡಿದು ಬಲಗೈ ಹೆಬ್ಬೆರಳು ಕಲ್ಲಾಗಿತ್ತು. ಗೋದಾಮಿನ ಲಾರಿಗಳು ಇದೇ ವೇಬ್ರಿಜ್ಜಿಗೆ ಬರುತ್ತಿದ್ದವು. ಒಂದು ದಿನ ಲೆಕ್ಕದ ಚೀಟಿ ತರಲು ಆ ಹಾಸಿನ ಮೇಲೆ ನಡೆದು ಬಂದಿದ್ದಳು. ಕಿಟಕಿಯೊಳಗಿದ್ದವನು ಕೂಗಿದ.

“ಅಲ್ಲೇ ನಿಂತ್ಕೊಳ್ಳಿ. ಅಲ್ಲಾಡ್ಬೇಡಿ. ಹ್ಞಾಂ, ಐವತ್ತು.”

“ಯಾಕೆ, ನನ್ನೂ ಲಾರಿಗೆ ಹಾಕ್ತೀರಾ? ನಾನು ಐವತ್ತಿಲ್ಲ. ಐವತ್ತಮೂರು.”

“ಇದು ಹತ್ತು ಹತ್ತರ ಲೆಕ್ಕದಲ್ಲೇ ತೋರ್ಸೋದು. ಆ ಮೂರು ಕಿಲೋ ಇದಕ್ಕೆ ಕಾಣಲ್ಲ. ನನಗೆ ಕಾಣುತ್ತೆ.”

ಮದುವೆಯ ಮಾತುಕತೆ ಆದದ್ದು ಅಷ್ಟೇ. ಉಳಿದದ್ದನ್ನು ದೊಡ್ಡವರು ಮಾಡಿದರು.

ಮಕ್ಕಳಾಗಲಿಲ್ಲ. ಅವನು ಒಂದು ದಿನವೂ ಅದರ ಮಾತೆತ್ತಲಿಲ್ಲ. ಅವನ ತಾಯಿ ಎತ್ತಿದಳು, ಎತ್ತಿ ಎತ್ತಿ ಸಾಕಾಗಿ ಬಿಟ್ಟಳು. ಮೂವರ ಸಂಸಾರ ಎರಡು ಕೋಣೆಯಲ್ಲಿ ನಡೆಯಿತು. ಮಧ್ಯಾಹ್ನ ಅವಳು ಊಟದ ಡಬ್ಬಿ ತರುತ್ತಿದ್ದಳು. ಅವನು ಉಣ್ಣುವಾಗ ಲಾರಿ ಬಂದರೆ, ಎಂಜಲು ಕೈ ಎತ್ತಿ “ನೀನೇ ಒತ್ತೇ” ಎನ್ನುತ್ತಿದ್ದ. ಅವಳು ಒತ್ತುತ್ತಿದ್ದಳು. ಹಾಗೆ ಕಲಿತದ್ದು. ಮುಂದೆ ಅದೇ ಅನ್ನ ಕೊಡುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಅವನಿಗೊಂದು ಅಭ್ಯಾಸವಿತ್ತು. ಚಹಾಕ್ಕೆ ಏಳುವಾಗ ಪರದೆಯ ಮೇಲಿನ ಬಾಣವನ್ನು ಬಲಗಡೆಯ ಕೆಳಮೂಲೆಗೆ ತಳ್ಳಿಯೇ ಏಳುವುದು. ಬಾಣ ಆ ಮೂಲೆ ಮುಟ್ಟಿದರೆ ತೆರೆದಿದ್ದ ಚೌಕಗಳೆಲ್ಲ, ತೂಕದ್ದು, ಚೀಟಿಯದ್ದು, ಲಾರಿ ನಂಬರಿನದ್ದು, ಗಾಜಿನ ಹಾಗೆ ಆಗಿ ಮಾಯವಾಗುತ್ತಿದ್ದವು. ಹಿಂದೆ ಬರಿಯ ನೀಲಿ. ಒಬ್ಬನ ತೂಕವನ್ನು ಇನ್ನೊಬ್ಬ ಕಿಟಕಿಯಿಂದ ಇಣುಕಿ ನೋಡಬಾರದು, ಅದು ಅವನ ನೇಮ. “ಅಂಗಡಿ ಮುಚ್ಚಿದೆ” ಎಂದು ಹೇಳಿ ಲೋಟ ಹಿಡಿದು ಹೊರಡುತ್ತಿದ್ದ.

ಹೋದ ದಿನವೂ ಹಾಗೇ. ಬಾಣ ತಳ್ಳಿದ, ಎದ್ದ, ಬಾಗಿಲು ದಾಟಿದ. ಚಹಾದಂಗಡಿ ಮುಟ್ಟಲಿಲ್ಲ. ಕಬ್ಬಿಣದ ಹಾಸಿನ ಅಂಚಿನಲ್ಲಿ ಎದೆ ಹಿಡಿದು ಕೂತ. ಕೂತವನು ಹಾಗೇ ವಾಲಿದ. ಅವಳು ಡಬ್ಬಿ ಹಿಡಿದು ಬರುವಷ್ಟರಲ್ಲಿ ಜನ ಸೇರಿತ್ತು. ನೊಣ ಕೂರುತ್ತಿತ್ತು. ಅವಳು ಅವನ ಹೆಗಲ ಮೇಲಿನ ಟವೆಲು ತೆಗೆದು ಅವನ ಮುಖದ ಮೇಲೆ ಹಾಕಿದಳು. ಆಮೇಲೆ ಫೋನು ಮಾಡಬೇಕೆಂದು ಕೋಣೆಯೊಳಗೆ ಹೋದಳು. ಪರದೆ ನೀಲಿಯಾಗಿತ್ತು. ಏನೂ ಇರಲಿಲ್ಲ ಅದರ ಮೇಲೆ. ಎಲ್ಲ ಮುಚ್ಚಿಟ್ಟು ಹೋಗಿದ್ದ.

ವೇಬ್ರಿಜ್ಜಿನ ಯಜಮಾನರು ಕೆಟ್ಟವರಲ್ಲ, ಒಳ್ಳೆಯವರೂ ಅಲ್ಲ. “ನಿನಗೆ ಹೇಗೂ ಒತ್ತೋಕೆ ಬರುತ್ತಲ್ಲ, ನೀನೇ ಕೂತ್ಕೋ” ಎಂದರು. ಕೂತಳು.

ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ಖಾಲಿ ಹಾಸಿನ ಮೇಲೆ ಕೆಲವೊಮ್ಮೆ ಮೂವತ್ತೋ ನಲವತ್ತೋ ಕಿಲೋ ತೋರಿಸುತ್ತಿತ್ತು. ಬೇರೆಯವರಾದರೆ ಹೆದರುತ್ತಿದ್ದರು. ಅವಳು ಪೊರಕೆ ತೆಗೆದುಕೊಂಡು ಹೋಗಿ ಲಾರಿ ಬಿಟ್ಟುಹೋದ ಕೆಸರು ಗುಡಿಸಿ ಬರುತ್ತಿದ್ದಳು. ದೆವ್ವ ಭೂತ ಅನ್ನುವ ಹೆಂಗಸಲ್ಲ ಅವಳು.

ಫೋಟೋ ಇಟ್ಟ ಮೇಲೆ ಶುರುವಾಯಿತು.

ಅವನದೊಂದು ಹಳೆಯ ಫೋಟೋವನ್ನು ಸ್ಟುಡಿಯೋದಲ್ಲಿ ಕೊಟ್ಟು ದೊಡ್ಡದು ಮಾಡಿಸಿದ್ದಳು. ಮಿರಿಮಿರಿ ಹೊಳೆಯುವ ಕಾಗದ. ಗೋಡೆಗೆ ಹಾಕಲು ಮನಸ್ಸು ಬರಲಿಲ್ಲ. ಗೋಡೆಗೆ ಹಾಕಿದರೆ ಸತ್ತವನಾಗುತ್ತಾನೆ. ಮೇಜಿನ ಗಾಜಿನ ಕೆಳಗೆ ಎಲ್ಲರೂ ಇಡುವುದನ್ನೇ ಅವನೂ ಇಟ್ಟಿದ್ದ, ಡ್ರೈವರುಗಳ ಫೋನ್ ನಂಬರು, ದರದ ಪಟ್ಟಿ, ಯಾರದೋ ಮಗುವಿನ ಚಿತ್ರ. ಅವಳು ಗಾಜು ಎತ್ತಿ ಫೋಟೋವನ್ನು ಬಲಗಡೆ, ಕೈ ಬರುವ ಜಾಗಕ್ಕೇ ಜಾರಿಸಿದಳು. ಅಲ್ಲಿ ಮೌಸಿನ ರಬ್ಬರು ಹಾಳೆ ಇತ್ತು. ಅಂಚು ಸುರುಟಿ ಹಪ್ಪಳದ ಹಾಗಾಗಿತ್ತು. ಅದಿದ್ದರೆ ಮುಖ ಕಾಣುತ್ತಿರಲಿಲ್ಲ. ತೆಗೆದು ಬೀರುವಿನ ಮೇಲೆ ಎಸೆದಳು. ಈಗ ದಿನವಿಡೀ ಕೈ ಅವನ ಕೆನ್ನೆಯ ಮೇಲೆ.

ಆವತ್ತೇ ಮಧ್ಯಾಹ್ನ ಜಲ್ಲಿ ಲಾರಿಯೊಂದು ಹಾಸಿನ ಮೇಲೆ ಹತ್ತಿತು. ಕೋಣೆ ಎಂದಿನಂತೆ ನಡುಗಿತು. ಅವಳು ಮೌಸಿನಿಂದ ಕೈ ತೆಗೆದು ಹಣೆ ಒರೆಸುತ್ತಿದ್ದಳು. ಪರದೆಯ ಮೇಲಿನ ಬಾಣ ನಡುಗಿತು. ಮೆಲ್ಲಗೆ ಜಾರಿತು. ಜಾರಿ ಜಾರಿ ಬಲಗಡೆಯ ಕೆಳಮೂಲೆಗೆ ಹೋಗಿ ನಿಂತಿತು. ಚೌಕಗಳೆಲ್ಲ ಗಾಜಾದವು. ನೀಲಿ ಉಳಿಯಿತು.

ಅವಳು ಬಾಗಿಲ ಕಡೆ ತಿರುಗಿ ನೋಡಿದಳು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೂ ಈಗಷ್ಟೇ ಯಾರೋ ಎದ್ದು ಹೋದಂತಿತ್ತು.

ಲಾರಿಯವನು ತೂಕ ಆಯಿತೆಂದುಕೊಂಡು ಇಳಿಸಿಕೊಂಡು ಹೋಗಿಬಿಟ್ಟಿದ್ದ. ಅವಳು ಓಡಿಹೋಗಿ ತಡೆದು, ಹಿಂದಕ್ಕೆ ಕರೆಸಿ ಮತ್ತೆ ಹತ್ತಿಸಿದಳು. ಅವನು ಹಾರ್ನಪ್ಪ. ಕಾರಣವಿರಲಿ ಬಿಡಲಿ ಹಾರನ್ ಹೊಡೆಯುತ್ತಾನೆಂದು ಆ ಹೆಸರು.

“ಏನ್ ತೂಕದಕ್ಕ, ಲಾರೀನ ಉಯ್ಯಾಲೆ ಆಡಿಸ್ತಿದೀರಾ? ಹತ್ತು ಅಂತೀರಿ, ಇಳಿ ಅಂತೀರಿ.”

“ಸುಮ್ನೆ ಹತ್ತಪ್ಪ. ಮೌಸು ಓಡಿಹೋಯ್ತು.”

“ಓಡಿಹೋಯ್ತಾ? ಬೆಕ್ಕು ಸಾಕಿ.”

ಆಮೇಲೆ ಇದು ದಿನದ ಮಾತಾಯಿತು. ಎಲ್ಲ ಲಾರಿಗೂ ಅಲ್ಲ. ಭಾರದ ಲಾರಿಗೆ ಹೆಚ್ಚು, ಖಾಲಿ ಲಾರಿಗೆ ಕಡಿಮೆ. ಒಮ್ಮೊಮ್ಮೆ ಬಾಣ ಎಲ್ಲಿಂದೆಲ್ಲಿಗೋ ನೆಗೆಯುವುದು. ತಾನು ಒತ್ತಲು ಹೋದರೆ ಬೇರೇನೋ ತೆರೆಯುವುದು. ಒಮ್ಮೆ ಪರದೆಯ ಮೇಲಿನ ಗುರುತೊಂದನ್ನು ಎಳೆದು ಇನ್ನೊಂದರೊಳಗೆ ಹಾಕಿಬಿಟ್ಟಿತು. ಆದರೆ ಕೊನೆಗೆ ಹೋಗುವುದು ಆ ಮೂಲೆಗೇ. ಅವನು ತಳ್ಳುತ್ತಿದ್ದ ಮೂಲೆಗೇ.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಜಮಾನರು ಸರಿಮಾಡಿಸುತ್ತಾರೆ. ಸರಿಯಾದರೆ ಅವನು ಬರುವುದಿಲ್ಲ. ಬೆಳಿಗ್ಗೆ ಬೇಗ ಬಂದು ಕೂರತೊಡಗಿದಳು. ಭಾರದ ಲಾರಿ ದೂರದಲ್ಲಿ ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬಾಣ ನಡುಗಿದರೆ ಇವಳ ಎದೆಯೂ ನಡುಗುತ್ತಿತ್ತು. ಪರದೆ ನೀಲಿಯಾದಾಗ ಒಂದು ಉಸಿರಿನಷ್ಟು ಹೊತ್ತು ಅವನು ಕುರ್ಚಿಯಿಂದ ಎದ್ದು ಲೋಟ ಹುಡುಕುತ್ತಿದ್ದ. ಆ ಒಂದು ಉಸಿರಿಗಾಗಿ ದಿನ ತಳ್ಳುತ್ತಿದ್ದಳು. ಭಯವೂ ಇತ್ತು.  ಆದರೆ ಭಯ ಬೇಡವೆಂದು ಅವನನ್ನು ಬೇಡವೆನ್ನಲು ಆಗುತ್ತದೆಯೇ?

ಅತ್ತೆಗೆ ಹೇಳದಿರಲು ಆಗಲಿಲ್ಲ. ಒಂದು ಸಂಜೆ ತರಕಾರಿ ಹೆಚ್ಚುತ್ತಾ ಹೇಳಿಬಿಟ್ಟಳು. ಅತ್ತೆ ಹತ್ತಿರ ಸರಿದು ಕೂತಳು.

“ನೀನು ನೋಡಿದ್ಯಾ?”

“ನೋಡಿದೆ ಅತ್ತೆ.”

“ಅದೇ ಮೂಲೆಗಾ?”

“ಅದೇ ಮೂಲೆಗೆ.”

“ನಾಳೆ ನನ್ನೂ ಕರ್ಕೊಂಡು ಹೋಗು.”

ಮರುದಿನ ಅತ್ತೆ ತೊಳೆದಿಟ್ಟ ಸೀರೆ ಉಟ್ಟು, ಮಂಡಿ ಹಿಡಿದುಕೊಂಡು ಬಸ್ಸು ಹತ್ತಿದಳು. ಕೋಣೆಯ ಸ್ಟೂಲಿನ ಮೇಲೆ ಕೂತಳು. ಗಾಜಿನ ಕೆಳಗಿನ ಮಗನ ಮುಖ ನೋಡಿದಳು, ಮುಟ್ಟಲಿಲ್ಲ. ಒಂದೆರಡು ಖಾಲಿ ಲಾರಿ ಬಂದು ಹೋದವು. ಆಮೇಲೆ ಕಬ್ಬಿಣ ತುಂಬಿದ ಲಾರಿಯೊಂದು ನರಳುತ್ತಾ ಹತ್ತಿತು. ಮೇಜು ಗಡಗಡ ಎಂದಿತು. ಬಾಣ ಅಲ್ಲಾಡಿತು.

ಅತ್ತೆ ಪರದೆಯ ಹತ್ತಿರ ಬಾಗಿದಳು. ಕಿವುಡನಿಗೆ ಹೇಳುವಂತೆ ಗಟ್ಟಿಯಾಗಿ ಕೇಳಿದಳು.

“ನೋವಾಯ್ತೇನೋ, ಮಗನೇ?”

ಬಾಣ ಜಾರಿಕೊಂಡು ಮೂಲೆಗೆ ಹೋಯಿತು. ಎಲ್ಲ ಮುಚ್ಚಿತು.

ಅದು ಹೌದೋ ಅಲ್ಲವೋ ಇಬ್ಬರಿಗೂ ತಿಳಿಯಲಿಲ್ಲ. ಅತ್ತೆ ಸೆರಗು ಬಾಯಿಗಿಟ್ಟುಕೊಂಡಳು. ಹೊರಗೆ ಲಾರಿಯವನು ಕೂಗುತ್ತಿದ್ದ. ಸೊಸೆ ಮೌಸ್ ಹಿಡಿದು ಚೌಕಗಳನ್ನು ಮತ್ತೆ ತಂದು ತೂಕ ಒತ್ತಿದಳು.

ಬಸ್ಸಿನಲ್ಲಿ ಅತ್ತೆ ಹೇಳಿದಳು. “ಹುಟ್ಟಿದಾಗಿಂದ ಹಾಗೇ ಅವನು. ಏನಾದ್ರೂ ಕೇಳಿದ್ರೆ ಎದ್ದು ಹೋಗೋನು.”

ಅಂದಿನಿಂದ ಅತ್ತೆ ದಿನಾ ಕೇಳುತ್ತಿದ್ದಳು, “ಇವತ್ತು ಬಂದಿದ್ನಾ?” ಇವಳು ಬಂದಿದ್ದ ಎನ್ನುತ್ತಿದ್ದಳು. ಅತ್ತೆ ಅವತ್ತು ಒಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದಳು. ಎಷ್ಟೋ ವರ್ಷ ಎಣ್ಣೆ ಸೀಗೆಕಾಯಿಯ ಹಾಗಿದ್ದ ಅತ್ತೆ ಸೊಸೆ ಒಂದೇ ದೀಪದ ಕೆಳಗೆ ಕೂತು ಅವನ ಮಾತಾಡುತ್ತಿದ್ದರು.

ಗುಟ್ಟು ಎಷ್ಟು ದಿನ ನಿಲ್ಲುತ್ತದೆ. ಅತ್ತೆ ಪರದೆಯನ್ನು ಮಾತಾಡಿಸಿದ್ದು ಕಬ್ಬಿಣದ ಲಾರಿಯವನ ಕಿವಿಗೆ ಬಿದ್ದಿತ್ತು, ಅವನಿಂದ ಹಾರ್ನಪ್ಪನಿಗೆ. ಹಾರ್ನಪ್ಪನ ಬಾಯಿ ಅವನ ಹಾರನ್ನಿಗಿಂತ ದೊಡ್ಡದು. ತೂಕದಣ್ಣ ಬಂದು ಮೌಸು ಎಳೀತಾನಂತೆ ಎಂದು ಚಹಾದಂಗಡಿಯಲ್ಲೆಲ್ಲ ಹಬ್ಬಿತು. ಕೆಲವರು ಬೇರೆ ವೇಬ್ರಿಜ್ಜಿಗೆ ಹೋಗತೊಡಗಿದರು. ಯಜಮಾನರು ಸ್ಕೂಟರಿನಲ್ಲಿ ಬಂದರು. ಕೋಣೆಯೊಳಗೆ ಕಾಲಿಡದೆ ಕಿಟಕಿಯ ಹೊರಗೇ ನಿಂತರು.

“ಏನಮ್ಮ ಇದು? ನಿನ್ನ ಗಂಡ ಬರೋದಾದ್ರೆ ಬರ್ಲಿ, ನಾನ್ಯಾಕೆ ಬೇಡ ಅನ್ಲಿ. ತೂಕ ಆದ್ಮೇಲೆ ಬರ್ಲಿ. ಮಧ್ಯದಲ್ಲಿ ಬಂದ್ರೆ ಹೆಂಗೆ?”

“ಮೌಸು ಸ್ವಲ್ಪ ಆಡುತ್ತೆ ಅಷ್ಟೇ.”

“ಹಂಗಾದ್ರೆ ಸರಿಮಾಡ್ಸು. ನಾನೇ ಕಳಿಸ್ತೀನಿ ಜನಾನ. ಹದಿನೈದು ದಿನದಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಕಂಪ್ಯೂಟ್ರು, ಮೇಜು, ಎಲ್ಲಾ ತೆಗೆಸಿ ಹೊಸದು ಹಾಕ್ಸಿ, ಗೊತ್ತಿರೋರನ್ನ ಕೂರ್ಸ್ತೀನಿ. ಆಮೇಲೆ ನನ್ನ ಅನ್ಬೇಡ.”

ಮರುದಿನ ಚಿಮಟ ಬಂದ. ಕಂಪ್ಯೂಟರು ರಿಪೇರಿಯವನು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಚಿಮಟ ಇಣುಕುತ್ತಿದ್ದುದರಿಂದ ಆ ಹೆಸರು. ಗಂಡನಿಗೆ ಪರಿಚಯದವನು. ಬಂದವನು ಮೊದಲು ಎಲ್ಲ ಆರಿಸಿ ಮತ್ತೆ ಹಚ್ಚಿದ.

“ಅರ್ಧ ರೋಗ ಇದ್ರಲ್ಲೇ ಹೋಗುತ್ತೆ ಅಕ್ಕ. ನಿದ್ದೆ ಮಾಡಿ ಎದ್ರೆ ಮನುಷ್ಯನೂ ಸರಿಹೋಗ್ತಾನೆ.”

ಲಾರಿ ಬಂತು. ಬಾಣ ಮೂಲೆಗೆ ಹೋಯಿತು.

ಮೌಸಿನ ತಂತಿಯನ್ನು ಕಂಪ್ಯೂಟರಿನ ಮುಂದಿನ ತೂತಿನಿಂದ ಕಿತ್ತು ಹಿಂದಿನ ತೂತಿಗೆ ಸಿಕ್ಕಿಸಿದ. ಬಾಣ ಮೂಲೆಗೆ ಹೋಯಿತು. ಮೌಸನ್ನು ಬೋರಲು ಹಾಕಿ ಹೊಟ್ಟೆಯ ಕೆಂಪು ದೀಪವನ್ನು ಬಟ್ಟೆಯಿಂದ ಒರೆಸಿದ, ಚಿಮಟದಿಂದ ಕೂದಲೊಂದನ್ನು ಎಳೆದು ತೆಗೆದು ಬೆಳಕಿಗೆ ಹಿಡಿದ. “ಸಿಕ್ಕಿದ ನೋಡಿ ಕಳ್ಳ” ಎಂದ. ಕಳ್ಳ ಅದಾಗಿರಲಿಲ್ಲ. ಮೌಸನ್ನು ತನ್ನ ಅಂಗಡಿಗೆ ಒಯ್ದ. ಅಲ್ಲಿ ಅದು ಹಾಲು ಕುಡಿದ ಮಗುವಿನಂತೆ ಸುಮ್ಮನಿತ್ತು. ತಂದು ಇಲ್ಲಿ ಇಟ್ಟರೆ ಮತ್ತೆ ಅದೇ ರಾಗ. ಹೊಸ ಮೌಸ್ ತಂದ. ಅದೂ ಹಾಗೇ. ಇಡೀ ಕಂಪ್ಯೂಟರನ್ನು ಹೊತ್ತುಕೊಂಡು ಹೋಗಿ ಒಳಗಿನದೆಲ್ಲ ಅಳಿಸಿ ಹೊಸದಾಗಿ ಹಾಕಿದ. ಅಂಗಡಿಯಲ್ಲಿ ಚಿನ್ನ. ಇಲ್ಲಿ ಬಂದರೆ ಮೂಲೆ.

ಅವಳು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಅವನು ಸೋತಾಗಲೆಲ್ಲ ಅವಳೊಳಗೆ ಏನೋ ಗೆಲ್ಲುತ್ತಿತ್ತು. ಮೌಸ್ ಬದಲಾಯಿತು, ತಂತಿ ಬದಲಾಯಿತು, ಒಳಗಿನ ಪ್ರಾಣವೇ ಬದಲಾಯಿತು. ಆದರೂ ಈ ಮೇಜಿಗೆ ಬಂದರೆ ಅವನು ಬರುತ್ತಾನೆ. ಇನ್ನೇನು ಸಾಕ್ಷಿ ಬೇಕು.

ಚಿಮಟ ಮೊದಲು ಚಪ್ಪಲಿ ಹಾಕಿಕೊಂಡೇ ಒಳಗೆ ಬರುತ್ತಿದ್ದ. ಈಗ ಹೊರಗೆ ಬಿಟ್ಟು ಬರತೊಡಗಿದ.

“ಅಕ್ಕ, ನಾನು ಇಂಥದ್ದೆಲ್ಲ ನಂಬಲ್ಲ,” ಎಂದ ಒಂದು ದಿನ, ಬೆನ್ನು ಗೋಡೆಗೆ ಒತ್ತಿಕೊಂಡು. “ಆದ್ರೂ ಅಣ್ಣಂಗೆ ಒಂದು ಮಾತು ಹೇಳಿ. ನಾನೇನೂ ಕೆಡುಕು ಮಾಡಿಲ್ಲ ಅಂತ.”

“ನೀನೇ ಹೇಳು. ಇಲ್ಲೇ ಇದಾರಲ್ಲ.”

“ಅಯ್ಯೋ ಬೇಡ ಬಿಡಿ.”

ಅವಳಿಗೆ ನಗು ಬಂತು. ಗಂಡ ಹೋದ ಮೇಲೆ ಮೊದಲ ನಗು.

ಯಜಮಾನರು ಕೊಟ್ಟ ಗಡುವಿನ ಕೊನೆಯ ದಿನ ಬಂತು. ಹೊಸ ಮೇಜು ಹೊತ್ತ ಗಾಡಿ ನಾಳೆ ಬರುತ್ತದೆ ಎಂದು ಹೇಳಿ ಕಳಿಸಿದ್ದರು. ಚಿಮಟ ಇನ್ನೊಮ್ಮೆ ನೋಡುತ್ತೇನೆಂದು ಬಂದಿದ್ದ. ಮೌಸಿನ ತಿರುಪು ಬಿಚ್ಚಲು ಅದನ್ನು ಎತ್ತಿ, ತಾನು ಸಾಮಾನು ಸುತ್ತಿ ತಂದ ದಪ್ಪ ಬಟ್ಟೆಯ ಮೇಲೆ ಇಟ್ಟ. ತಿರುಪುಳಿ ಹುಡುಕುತ್ತಿದ್ದಾಗ ಲಾರಿ ಹತ್ತಿತು. ಹಾರ್ನಪ್ಪನದು, ತುಂಬಿದ ಜಲ್ಲಿ. ಕೋಣೆ ನಡುಗಿತು.

ಬಾಣ ಅಲ್ಲಾಡಲಿಲ್ಲ.

ಚಿಮಟ ಪರದೆ ನೋಡಿದ. ಮೌಸ್ ನೋಡಿದ. ಬಟ್ಟೆ ನೋಡಿದ. ಮೌಸನ್ನು ಎತ್ತಿ ಗಾಜಿನ ಮೇಲೆ ಇಟ್ಟ. ಬಾಣ ಕುಣಿಯಿತು. ಮತ್ತೆ ಬಟ್ಟೆಯ ಮೇಲೆ ಇಟ್ಟ. ನಿಂತಿತು. ಕಸದ ಬುಟ್ಟಿಯಿಂದ ಒಂದು ಹಳೆಯ ಚೀಟಿ ತೆಗೆದು ಗಾಜಿನ ಮೇಲೆ ಹಾಸಿ ಅದರ ಮೇಲೆ ಇಟ್ಟ. ನಿಂತಿತು. ಚೀಟಿ ಎಳೆದ. ಜಾರಿತು. ಆಮೇಲೆ ಗಾಜಿನ ಕೆಳಗೆ ನೋಡಿದ, ಮೌಸ್ ಯಾರ ಮೇಲೆ ನಿಂತಿದೆ ಎಂದು. ಅವನ ಮುಖ ಸಪ್ಪಗಾಯಿತು.

“ಏನು?” ಎಂದಳು.

“ಏನಿಲ್ಲಕ್ಕ. ಸರಿಹೋಯ್ತು.”

“ಏನು ಅಂತ ಹೇಳು.”

“ಹೊಸ ಮೌಸಲ್ವಾ, ಪಳಗ್ಬೇಕು...”

“ನಾನು ಗೋಣಿ ಹೊಲಿದೋಳು ಇರಬಹುದು. ಕುರುಡಿ ಅಲ್ಲ. ಹೇಳು.”

ಅವನು ಮೌಸನ್ನು ಬೋರಲು ಹಾಕಿ ಕೆಂಪು ದೀಪ ತೋರಿಸಿದ. “ಇದು ಇದರ ಕಣ್ಣಕ್ಕ. ಕೆಳಗಿನ ನೆಲ ನೋಡ್ಕೊಂಡು, ಎಷ್ಟು ಸರಿದೆ ಅಂತ ಲೆಕ್ಕ ಹಾಕುತ್ತೆ. ಗಾಜು ಅದಕ್ಕೆ ಸರಿಯಾಗಿ ಕಾಣಲ್ಲ. ಗಾಜಿನ ಕೆಳಗೆ ಹೊಳೆಯೋ ಫೋಟೋ ಇದ್ರೆ ಇನ್ನೂ ಕಣ್ಣು ಕುಕ್ಕುತ್ತೆ. ಲಾರಿ ಬಂದಾಗ ಮೇಜು ನಡುಗುತ್ತಲ್ಲ, ಸರೀತಾ ಇದೀನಿ ಅಂದ್ಕೊಂಡು ಬಾಣ ಓಡ್ಸುತ್ತೆ. ನನ್ನ ತಲೆಗೆ ಮೊದಲೇ ಹೊಳೀಬೇಕಿತ್ತು. ಕತ್ತೆ ನಾನು. ಎಲ್ಲಾ ಬಿಚ್ಚಿ ನೋಡ್ದೆ, ಕೆಳಗೆ ನೋಡ್ಲಿಲ್ಲ.”

“ಅದೇ ಮೂಲೆಗೆ ಯಾಕೆ ಹೋಗುತ್ತೆ?”

“ಮೇಜು ಆ ಕಡೆ ಒಂಚೂರು ವಾಲಿದೆ ಅಕ್ಕ. ನಡುಗಿದಾಗೆಲ್ಲ ಒಂದೇ ಕಡೆ ಜಾರುತ್ತೆ. ಜಾರಿದ ಬಾಣ ಮೂಲೆಗೆ ಹೋಗಿ ಸಿಕ್ಕೊಳ್ಳುತ್ತೆ. ಆಚೆ ಜಾಗ ಇಲ್ವಲ್ಲ.”

ಅವಳು ಗಾಜಿನ ಕೆಳಗಿನ ಮುಖ ನೋಡುತ್ತಾ ಕೂತಳು. ಹೊರಗೆ ಹಾರ್ನಪ್ಪ ಹಾರನ್ ಒತ್ತುತ್ತಲೇ ಇದ್ದ. ಚಿಮಟನೇ ಚೀಟಿಯ ಮೇಲೆ ಮೌಸ್ ಇಟ್ಟು ತೂಕ ಒತ್ತಿದ. ಲಾರಿ ಇಳಿದು ಹೋಯಿತು.

“ಫೋಟೋ ಈ ಕಡೆ ಸರಿಸಿ, ಮೌಸಿನ ಕೆಳಗೆ ಏನಾದ್ರೂ ಹಾಸಿಬಿಡಿ ಅಕ್ಕ, ಅಷ್ಟೇ,” ಎಂದ.

ಇಬ್ಬರೂ ಸೇರಿ ಗಾಜು ಎತ್ತಿದರು. ಪಟ್ಟಿ, ಫೋನ್ ನಂಬರು, ಮಗುವಿನ ಚಿತ್ರ ಕೆಳಗೇ ಉಳಿದವು. ಅವನ ಫೋಟೋ ಮಾತ್ರ ಗಾಜಿನ ಜೊತೆಗೇ ಮೇಲೆದ್ದು ಬಂತು. ಕೈಯ ಬೆವರೋ, ಒರೆಸುವಾಗ ಇಳಿದ ನೀರೋ, ಮೆತ್ತಿಕೊಂಡುಬಿಟ್ಟಿತ್ತು. ಅವಳು ಅಂಚಿಗೆ ಉಗುರು ಹಾಕಿದಳು. ಕಿವಿಯ ಹತ್ತಿರ ಬಣ್ಣ ಚೂರು ಕಿತ್ತು ಗಾಜಿನಲ್ಲೇ ಉಳಿಯಿತು. ಕೈ ತೆಗೆದಳು.

“ಎಳೀಬೇಡಿ,” ಎಂದ ಚಿಮಟ. “ಮುಖ ಹೋಗುತ್ತೆ.”

ಗಾಜನ್ನು ಹಾಗೇ ಇಳಿಸಿದರು. ಅವಳು ಬೀರುವಿನ ಮೇಲಿಂದ ಆ ಸುರುಟಿದ ರಬ್ಬರು ಹಾಳೆ ತೆಗೆದಳು, ಸೆರಗಿನಿಂದ ಧೂಳು ಒರೆಸಿದಳು, ಅವನ ಮೇಲೆ ಹಾಸಿದಳು. ಮೌಸನ್ನು ಅದರ ಮೇಲಿಟ್ಟಳು. ಆಮೇಲೆ ಬಂದ ಲಾರಿಗಳಿಗೆಲ್ಲ ತೂಕ ತಪ್ಪಿಲ್ಲದೆ ಬಂತು. ಬಾಣ ಕಲ್ಲಿಗೆ ಕೆತ್ತಿದ ಹಾಗೆ ನಿಂತಿತ್ತು. ಕೋಣೆ ಎಷ್ಟು ಖಾಲಿ ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಟವೆಲು ಹಾಕಿದ ದಿನ ಕೂಡ ಅಷ್ಟು ಖಾಲಿ ಇರಲಿಲ್ಲ.

ಮನೆಯಲ್ಲಿ ಅತ್ತೆ ತಟ್ಟೆ ಮುಂದಿಟ್ಟುಕೊಂಡು ಕೇಳಿದಳು.

“ಇವತ್ತು ಬಂದಿದ್ನಾ?”

ಬಂದಿದ್ದ ಎನ್ನಬಹುದಿತ್ತು. ಮುದುಕಿ ಇನ್ನೆಷ್ಟು ದಿನ ಕೇಳುತ್ತಾಳೆ. ಆದರೆ ಅವಳ ನಾಲಿಗೆ ಹಾಗೆ ಹೊರಳುವುದಲ್ಲ.

“ಇಲ್ಲ ಅತ್ತೆ. ಯಾವತ್ತೂ ಬಂದಿರ್ಲಿಲ್ಲ. ಗಾಜಿನ ಮೇಲೆ ಮೌಸು ಇಟ್ಟಿದ್ದೆ. ಅದಕ್ಕೆ ಕಣ್ಣು ಕಾಣ್ತಿರ್ಲಿಲ್ಲ ಅಂತೆ. ಈಗ ಹಾಳೆ ಹಾಸಿದೀನಿ.”

“ಎಲ್ಲಿ ಹಾಸಿದೀಯ?”

“ಫೋಟೋ ಮೇಲೆ.”

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

“ಅವನ ಮುಖ ಮುಚ್ಚಿ ಬಂದ್ಯಾ? ಒಂದ್ಸಲ ಮುಚ್ಚಿದ್ದು ಸಾಕಾಗಿರ್ಲಿಲ್ವೇನೇ ನಿನಗೆ?”

 ಅತ್ತೆ ಅವತ್ತು ಉಣ್ಣಲಿಲ್ಲ. ಇವಳಿಗೂ ಅನ್ನ ಇಳಿಯಲಿಲ್ಲ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ನಿದ್ದೆ ಬಂದಿರಲಿಲ್ಲ ಇಬ್ಬರಿಗೂ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿತ್ತು.

ಬೆಳಿಗ್ಗೆ ಇವಳು ಹೊರಟಾಗ ಅತ್ತೆ ಕರೆಯದೇ ಹಿಂದೆ ಬಂದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಕೋಣೆಯ ಬಾಗಿಲು ತೆರೆದವಳೇ ಅವಳು ರಬ್ಬರು ಹಾಳೆಯನ್ನು ಎತ್ತಿದಳು. ಅವನು ಕಂಡ. ಕಿವಿಯ ಹತ್ತಿರ ಬಿಳಿ ಚುಕ್ಕೆ. ಹಾಳೆಯನ್ನು ಮೇಜಿನ ಎಡಗಡೆಗೆ ಒಯ್ದು ಹಾಸಿದಳು, ಮೌಸಿನ ತಂತಿಯನ್ನು ಕಂಪ್ಯೂಟರಿನ ಹಿಂದಿನಿಂದ ಸುತ್ತು ಹಾಕಿ ಆ ಕಡೆಗೆ ತಂದಳು. ಎಡಗೈಯಲ್ಲಿ ಹಿಡಿದಳು. ಬಲಗೈ ಗಾಜಿನ ಮೇಲೆ, ಅವನ ಮೇಲೆ.

ಹೊಸ ಮೇಜಿನ ಗಾಡಿ ಬಂತು. ಸರಿಹೋಗಿದೆ, ವಾಪಸ್ ಒಯ್ಯಿ ಎಂದಳು. ಗಾಡಿಯವನು ಗೊಣಗಿಕೊಂಡು ತಿರುಗಿಸಿದ.

ಎಡಗೈ ಮಾತು ಕೇಳುವುದಿಲ್ಲ. ಇಡೀ ಜೀವಮಾನ ಅದು ಗೋಣಿ ಹಿಡಿದುಕೊಂಡದ್ದು ಮಾತ್ರ, ಹೊಲಿದದ್ದು ಬಲಗೈ. ಬಾಣವನ್ನು ಗುಂಡಿಯ ಹತ್ತಿರ ಒಯ್ದರೆ ದಾಟಿ ಹೋಗುವುದು, ಹಿಂದಕ್ಕೆ ಎಳೆದರೆ ಹಿಂದೆಯೇ ಉಳಿಯುವುದು. ಮೊದಲ ಲಾರಿ ಹಾರ್ನಪ್ಪನದೇ.

“ಇದೇನು ತೂಕದಕ್ಕ, ಕೈ ಬದಲಾಯ್ಸಿದೀರಿ? ಇನ್ನೂ ನಿಧಾನ ಆಯ್ತಲ್ಲ.”

“ನಿನಗೇನು ಅರ್ಜೆಂಟು? ಜಲ್ಲಿ ಹಳಸುತ್ತಾ?”

“ಆಯ್ತು ತಾಯಿ, ನಿಮ್ಮ ಇಷ್ಟ.” ಅವನು ಒಳಗೆ ಇಣುಕಿದ. ಅತ್ತೆಯನ್ನು ನೋಡಿದ, ಗಾಜಿನ ಮೇಲಿನ ಕೈ ನೋಡಿದ. ದನಿ ಇಳಿಸಿದ. “ಅಣ್ಣ ಇವತ್ತು ಬರ್ಲಿಲ್ವಾ?”

 ಅವನು ಚೀಟಿ ತೆಗೆದುಕೊಂಡು ಹೋದ. ಹೋಗುವಾಗ ಹಾರನ್ ಹೊಡೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಕಬ್ಬಿಣದ ಲಾರಿ ಬಂತು, ಅವತ್ತಿನದ್ದೇ, ನರಳುತ್ತಾ. ಮೇಜು ನಡುಗಿತು. ಗಾಜು ಗಿಣಿಗಿಣಿ ಎಂದಿತು. ಅದರ ಕೆಳಗಿನ ಮುಖವೂ ನಡುಗಿದಂತೆ ಬಲಗೈಗೆ ತಿಳಿಯಿತು. ಪರದೆಯ ಮೇಲೆ ಬಾಣ ಇದ್ದಲ್ಲೇ ಇತ್ತು. ಅವಳು ಅದನ್ನು ಎಡಗೈಯಿಂದ ತಳ್ಳಿ ತಳ್ಳಿ ತೂಕದ ಹತ್ತಿರ ತಂದು ಒತ್ತಿದಳು.

ಅತ್ತೆ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ದಿನ ಮುಟ್ಟದಿದ್ದವಳು, ಸೊಸೆಯ ಕೈಯ ಪಕ್ಕದಲ್ಲಿ, ಮಗನ ಹಣೆಯ ಮೇಲೆ ತನ್ನ ಕೈ ಇಟ್ಟಳು. ಕಣ್ಣು ಪರದೆಯ ಮೂಲೆಯನ್ನು ಬಿಟ್ಟಿರಲಿಲ್ಲ.

“ಇನ್ನೊಂದು ಲಾರಿ ಬರ್ಲಿ, ನೋಡೋಣ,” ಎಂದಳು.

“ಬರಲ್ಲ ಅತ್ತೆ.”

“ಲಾರಿ ಬರಲ್ವಾ?”

“ಲಾರಿ ಬರುತ್ತೆ.”

“ಹಂಗಾದ್ರೆ ಸುಮ್ನಿರು.”

 ರಸ್ತೆಯ ತಿರುವಿನಲ್ಲಿ ಭಾರದ ಲಾರಿಯೊಂದು ಗೇರು ಇಳಿಸುವ ಸದ್ದು ಕೇಳಿತು. ಅವಳು ಸೆರಗು ಸರಿಮಾಡಿಕೊಂಡಳು.